ಕೀ ಜೇಬಲ್ಲಿ

ಡಯಾಲಿಸಿಸ್ ನಾಲ್ಕು ಗಂಟೆಯದ್ದು.
ಕುಂಬಳೆ ಆಸ್ಪತ್ರೆಯ ಗೋಡೆ ಬದಿ, ನೆರಳಿದ್ದಷ್ಟರಲ್ಲಿ ಕಾರು.

ಹೋದ ತಿಂಗಳು ಹೀಗೇ ಕೂತು
ಫ್ಯಾನು, ಮಂಗಳೂರು ರೇಡಿಯೋ, ಮೊಬೈಲಿಗೆ ಚಾರ್ಜು.
ಅವಳು ಬಂದು ಕೂತ ಮೇಲೆ ಕೀ ತಿರುಗಿಸಿದರೆ
ಹಲ್ಲಿ ಲೊಚಗುಟ್ಟಿದ ಹಾಗೆ, ಅಷ್ಟೇ.
ಮೀನಿನ ಲಾರಿಯ ಹುಡುಗರು ಮೂವರು ನೂಕಿದರು.
ಹಿಂದಿನ ಸೀಟಲ್ಲಿ ಗುಲಾಬಿ
ತೋಳಿನ ಹತ್ತಿ ಒತ್ತಿ ಹಿಡಿದು ನಕ್ಕಳು:
"ನನಗಿಂತ ಮೊದಲು ಇದಕ್ಕೇ ಸುಸ್ತಾ ಮಾರಾಯ್ರೆ!"

ಮೆಕ್ಯಾನಿಕ್ ಹಮೀದ್ ಹೇಳಿದ್ದು:
ಇಂಜಿನ್ ನಿಂತ ಮೇಲೆ ತುಂಬುವವರಿಲ್ಲ,
ಕುಡಿಯುವವರೇ ಎಲ್ಲ.

ಈಗ ಕೀ ಜೇಬಲ್ಲಿ.
ಡಿಕ್ಕಿಯೊಳಗಿನ ಸಣ್ಣ ಬಲ್ಬನ್ನೂ ಕಳಚಿದ್ದೇನೆ.
ಗಾಜು ಇಳಿಸಿ, ಯಾರದೋ ಮದುವೆ ಕಾಗದದಲ್ಲಿ
ಗಾಳಿ ಬೀಸಿಕೊಳ್ಳುತ್ತಿದ್ದೆ,
ಊರಿಗೂರೇ ಕರೆಂಟು ಹೋಯಿತು.

ಎರಡನೇ ಮಹಡಿಯ ಕಿಟಕಿ.
ಹಿತ್ತಲಿನ ಜನರೇಟರ್ ಕೆಮ್ಮಿ ಎದ್ದು ನಿಲ್ಲುವ ತನಕ
ಉಸಿರನ್ನೂ ಖರ್ಚು ಮಾಡಲಿಲ್ಲ ನಾನು.