ನೆಲಕ್ಕೆ ಹೇಳಬೇಕಾದ ಮಾತು

ಗ್ದಿನ್ಯಾದ ಹಡಗು ಕಟ್ಟುವ ಅಂಗಳದಲ್ಲಿ ನಾನು
ತಳದ ತಗಡಿಗೆ ಬೆಸುಗೆ ಹಾಕುವವನು.
ಎಂಟು ಗಂಟೆ ಬಗ್ಗಿ, ಕಬ್ಬಿಣಕ್ಕೆ ಕಬ್ಬಿಣ ಹೊಲಿದು
ಮನೆಗೆ ಬಂದರೆ, ಡಿಸೆಂಬರ್, ನಾಲ್ಕಕ್ಕೇ ಕತ್ತಲು,
ಐದು ವರ್ಷದ ಯಾಗೊದಾ ಬಾಗಿಲಲ್ಲೇ:
"ಆಟ ಹಾಕಿದೆಯಾ?"

ಟ್ಯಾಬ್ಲೆಟ್ಟು ಲೆಶೆಕನ ಮನೆಯದು. ಮೂಲೆ ಒಡೆದದ್ದು.
ಅವನ ಮಗನಿಗೆ ಮೀಸೆ ಮೂಡಿದೆ, ಇನ್ನು ಬೇಡವಂತೆ.

ಅವಳು ಮಲಗಿದ ಮೇಲೆ ನನ್ನ ಎರಡನೇ ಪಾಳಿ.
ಅಡುಗೆಮನೆಯ ಮೇಜು, ತಣ್ಣಗಾದ ಚಹಾ,
ಸುಟ್ಟ ಕಲೆಯ ಈ ದಪ್ಪ ಬೆರಳು
ಮೊಲದ ಹಲ್ಲುಜ್ಜುತ್ತದೆ.
ಮೂರು ಸಲ ಉಜ್ಜಿದರೆ ಮೊಲ ಅಳುತ್ತದೆ,
ನಾಲ್ಕನೆಯದಕ್ಕೆ ಹರಳು ಬೇಕಂತೆ,
ಹರಳಿಗೆ ಕಾರ್ಡಿನ ನಂಬರು.
ಥೂ, ಎಂದೆ. ಅಳಿಸಿದೆ.
ಇನ್ನೊಂದರಲ್ಲಿ ಕರಡಿ ಬೀಟ್ರೂಟ್ ಸಾರು ಕುದಿಸುತ್ತಿತ್ತು,
ಕುದಿ ಬರುವಷ್ಟರಲ್ಲಿ ಪರದೆ ತುಂಬ ಟ್ಯಾಂಕುಗಳು,
ಜಾಹೀರಾತು; ಮುಚ್ಚುವ ಗುರುತು ಸಾಸಿವೆಗಿಂತ ಚಿಕ್ಕದು,
ಹುಡುಕುವಷ್ಟರಲ್ಲಿ ಸಾರು ಹೊತ್ತಿ ಕರಡಿ ಸೋತಿತ್ತು.
ಮಗ್ಗಿ ಕಲಿಸುವ ಬಾತುಕೋಳಿಯೊಂದು:
ಒಂದು ದಿನ ಬಾರದಿದ್ದರೆ ಮುನಿಸಿಕೊಳ್ಳುತ್ತದಂತೆ.
ನಮ್ಮ ಮೇಸ್ತ್ರಿಯೂ ಹಾಗೆಯೇ. ಅವನೊಬ್ಬ ಸಾಕು.

ಹನ್ನೊಂದರಲ್ಲಿ ಉಳಿದದ್ದು ಒಂದು ಕೊಳ.
ಮುಟ್ಟಿದರೆ ಅಲೆ. ಬಿಟ್ಟರೆ ಸುಮ್ಮನೆ.
ಅಂಕವಿಲ್ಲ, ಗಡಿಯಾರವಿಲ್ಲ, ಯಾರೂ ಸೋಲುವುದಿಲ್ಲ.
ನಾನೇ ಅರ್ಧ ಗಂಟೆ ಕೂತುಬಿಟ್ಟೆ.
ಬೆಳಗ್ಗೆ ಅವಳು ನಾಲ್ಕು ಸಲ ಮುಟ್ಟಿ ಮೂಗು ಮುರಿದಳು:
"ಇದರಲ್ಲಿ ಏನೂ ಆಗೋದೇ ಇಲ್ಲ."

ಹಾಗಾದರೆ ನೀನೇ ಮಾಡು, ಎಂದೆ, ಸಿಟ್ಟಿಗೆ.
ಸರಿ, ಎಂದಳು.
ಸಿಟ್ಟಿಗೆ ಆಡಿದ ಮಾತು ಹೀಗೆ ಕೊರಳಿಗೆ ಬಿತ್ತು.

ಭಾನುವಾರ ಆಟ ಕಟ್ಟುವ ಆ್ಯಪ್ ಒಂದನ್ನು ಇಳಿಸಿದೆವು,
ಹೊಸಬರಿಗಾಗಿ ಎಂದು ಬರೆದಿತ್ತು.
ಬಣ್ಣಬಣ್ಣದ ತುಂಡುಗಳು, ಅಂಚಿಗೆ ಅಂಚು ಕೂತರೆ
ಟಿಕ್ ಎನ್ನುತ್ತವೆ. ಕಿಡಿಯಿಲ್ಲ, ಹೊಗೆಯಿಲ್ಲ.
ಇದು ನನಗೆ ಗೊತ್ತಿರುವ ಕೆಲಸ ಅಂದುಕೊಂಡೆ.
ಅವಳೊಂದು ಬಸವನಹುಳು ಬರೆದಳು, ನೇರಳೆ ಬಣ್ಣದ್ದು,
ಹೆಸರು ಗುಝಿಕ್, ಅಂದರೆ ನಮ್ಮಲ್ಲಿ ಅಂಗಿಯ ಗುಂಡಿ.
ನಾನು ಅದರ ಕೆಳಗೆ ಕಂದು ಗೆರೆ ಎಳೆದೆ: ನೆಲ.
ಅವಳು ತ್ರಿಕೋನ ಒತ್ತಿದಳು.

ಗುಝಿಕ್ ನೆಲದೊಳಗೆ ತೂರಿ ಬಿದ್ದ.
ನಿಧಾನಕ್ಕಲ್ಲ, ಬಸವನಹುಳುವಿನಂತಲ್ಲ,
ಹಗ್ಗ ಹರಿದು ಬಾವಿಗೆ ಜಾರಿದ ಕೊಡದಂತೆ.
"ಎಲ್ಲಿಗೆ ಹೋದ?"
ಮೂಲೆಯಲ್ಲಿ ಅಂಕಿ ಓಡುತ್ತಿತ್ತು, ಮೈನಸ್ ನಾನೂರು,
ಮೈನಸ್ ಒಂಬೈನೂರು, ಮೈನಸ್ ಎರಡು ಸಾವಿರ;
ಕೊಡಕ್ಕಾದರೆ ನೀರು ಸಿಗುತ್ತದೆ.

ತಡಕಾಡಿ ತಡಕಾಡಿ ಕೊನೆಗೆ ಸಿಕ್ಕಿತು ಒಂದು ಪುಟ್ಟ ಚೌಕ:
"ಗಟ್ಟಿ". ಅದಕ್ಕೆ ಗುರುತು ಹಾಕಬೇಕಿತ್ತಂತೆ.
ಇಲ್ಲಿ ನೆಲ ಬರೆದರೆ ನೆಲವಾಗುವುದಿಲ್ಲ;
ನೆಲಕ್ಕೆ ಹೇಳಬೇಕು, ನೀನು ನೆಲವಾಗಿರು ಎಂದು.
ಹದಿನೇಳು ವರ್ಷ ತಳ ಹೊಲಿದವನಿಗೆ
ಈ ಮಾತು ಯಾರೂ ಹೇಳಿರಲಿಲ್ಲ.

ಗುರುತು ಹಾಕಿದೆ. ಗುಝಿಕ್ ನಿಂತ.
ನಿಂತೇ ಇದ್ದ.
ಬೊಝೆನಾ ಒಲೆಯ ಬಳಿಯಿಂದ ಚಪ್ಪಾಳೆ ತಟ್ಟಿದಳು.
ಯಾಗೊದಾಳ ಮುಖ ಮಾತ್ರ ಸಪ್ಪೆ:
"ಬೀಳೋದೇ ಚೆನ್ನಾಗಿತ್ತು. ತೆಗೆ ಅದನ್ನ."

ತೆಗೆದೆ.
ಬೀಳುವ ದಾರಿಯುದ್ದಕ್ಕೂ ಅವಳು ಏನೇನೋ ಅಂಟಿಸಿದಳು:
ಒಂದು ಹಾಸಿಗೆ (ಅದೂ ಗಟ್ಟಿಯಲ್ಲ, ತೂರಿ ಹೋದ),
ಸೂರ್ಯ, ಭರಣಿಯ ಹುಳಿ ಸೌತೆ, ನನ್ನ ಹೆಲ್ಮೆಟ್ಟು.
ಒಂದೊಂದನ್ನು ದಾಟುವಾಗಲೂ ಗುಝಿಕ್ ನಮಸ್ಕಾರ ಹೇಳಬೇಕು;
ಆ ದನಿ ಅವಳದೇ, ಶೀತ ಕಟ್ಟಿದ್ದು.

ಸೋಮವಾರ ತನಿಖೆಯವನು ಬಂದ, ಸುತ್ತಿಗೆಯಲ್ಲಿ
ನನ್ನ ಬೆಸುಗೆ ತಟ್ಟಿ ಕಿವಿಗೊಟ್ಟ.
ನಾನು ಮುಖವಾಡದೊಳಗೇ ಸಣ್ಣಗೆ ಅಂದೆ:
ಗಟ್ಟಿ, ಗಟ್ಟಿ.
ಗುರುತು ಹಾಕಿದ್ದೇನೆ.

ರಾತ್ರಿ ಚಾರ್ಜು ಮುಗಿದು ಪರದೆ ಕಪ್ಪಾಯಿತು.
ದಿಂಬಿನಿಂದ ತಲೆ ಎತ್ತಿ ಕೇಳಿದಳು:
"ಈಗಲೂ ಬೀಳ್ತಾ ಇದಾನಾ?"
ನಾನು ವೈರು ಹುಡುಕಿದೆ.