ಏಳನೇ ಕಲಂ

ಪ್ರತಿ ಡಿಸೆಂಬರಿಗೂ ನಾಪೋಕ್ಲಿನ ನಮ್ಮ ಶಾಲೆಗೆ
ಒಂದು ನಮೂನೆ ಬರುತ್ತದೆ.
ಏಳನೇ ಕಲಂ: ಮುಂದೆ ಏನಾಗಬಯಸುವಿರಿ?
ಉತ್ತರಕ್ಕೆ ಬಿಟ್ಟ ಜಾಗ ಕಿರುಬೆರಳಿನಷ್ಟು.
'ಡಾಕ್ಟರ್' ಹಿಡಿಸುತ್ತದೆ, 'ಮಿಲಿಟರಿ'ಯೂ.
'ಇನ್ನೂ ಗೊತ್ತಿಲ್ಲ ಸಾರ್' ಹಿಡಿಸುವುದಿಲ್ಲ.

ಹತ್ತೊಂಬತ್ತು ವರ್ಷ ಈ ಕಾಗದ ಒಟ್ಟುಮಾಡಿದ್ದೇನೆ.
ಅಫ್ರೀದ್ ಪೈಲಟ್ ಎಂದು ಬರೆದು
ಅದಕ್ಕೆ ಏನು ಓದಬೇಕೆಂದು ಆಮೇಲೆ ಕೇಳುತ್ತಾನೆ.
ಚೋಮಿ, ಪಕ್ಕದವಳನ್ನು ನೋಡಿ, ನರ್ಸ್;
ಪಕ್ಕದವಳು ಅಳಿಸಿ ಟೀಚರ್ ಎಂದು ತಿದ್ದಿದರೆ
ಇವಳ ರಬ್ಬರೂ ಹೊರಬರುತ್ತದೆ.

ಪೊನ್ನವ್ವ ಮಾತ್ರ ಖಾಲಿ ಬಿಟ್ಟಳು.
ಅಜ್ಜ ಸುಬೇದಾರ್, ಅಪ್ಪ ಹವಾಲ್ದಾರ್,
ಅತ್ತೆ ಮಿಲಿಟರಿ ಆಸ್ಪತ್ರೆಯಲ್ಲಿ.
ಗೋಡೆಯ ಮೇಲೆ ಇವಳ ಫೋಟೊಗೆಂದು
ಈಗಲೇ ಮೊಳೆ ಹೊಡೆದಿದ್ದಾರಂತೆ.
"ಮೊಳೆ ಸೊಟ್ಟಗಿದೆ ಸಾರ್" ಎಂದು ನಕ್ಕಳು.
ಉಗುರಿನಡಿ ಗ್ರೀಸಿನ ಕಪ್ಪು.
ರಜೆಯಲ್ಲಿ ಉಸ್ಮಾನನ ಶೆಡ್ಡಿನಲ್ಲಿ
ಸ್ಪ್ಯಾನರ್ ಎತ್ತಿಕೊಡುತ್ತಾಳೆಂದು ಕೇಳಿದ್ದೆ,
ಕೇಳಿ ಮರೆತಿದ್ದೆ.

ಆ ಶನಿವಾರ ರಾತ್ರಿ ಕಕ್ಕಬ್ಬೆಯ ತೋಟವೊಂದರಲ್ಲಿ
ಪಲ್ಪರ್ ಕಿರುಚತೊಡಗಿತು,
ಬೇಳೆಯೆಲ್ಲ ತುಂಡು ತುಂಡು.
ಕೊಯ್ದ ಹಣ್ಣು ಇನ್ನೂ ಅರುವತ್ತು ಚೀಲ, ಬೆಳಗಾದರೆ ಹುಳಿ.
ಉಸ್ಮಾನ್ ಮಗಳ ನಿಕಾಹಿಗೆ ಹೋಗಿದ್ದ.
ರೈಟರ್ ಫೋನು ಮಾಡಿದ್ದು ನನಗೆ:
"ಸಾರ್, ನಿಮ್ಮ ಶಾಲೆಯ ಆ ಪಲ್ಪರ್ ಹುಡುಗಿ,
ಮನೆ ಎಲ್ಲಿ?"

ಪಲ್ಪರ್ ಹುಡುಗಿ.
ನನ್ನ ಹಾಜರಿ ಪುಸ್ತಕದಲ್ಲಿ ಹಾಗೊಂದು ಹೆಸರಿಲ್ಲ.

ಅವಳಪ್ಪನ ಜೀಪಿನಲ್ಲಿ ಹೋದೆವು.
ದಾರಿಯುದ್ದಕ್ಕೂ ಹವಾಲ್ದಾರರು ಮಾತಾಡಲಿಲ್ಲ.
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿ ಕಿವಿಗೆ,
ಕಣ್ಣು ಮುಚ್ಚಿ ನಿಂತಳು.
ಮೊದಲ ಊಹೆ ತಪ್ಪು. ಎರಡನೆಯದೂ.
ರೈಟರ್ ನನ್ನ ಮುಖ ನೋಡಿದ.
"ಇನ್ನೊಮ್ಮೆ ಕೇಳ್ತೇನೆ. ಎಲ್ಲ ಸುಮ್ಮನಿರಿ."
ಹದಿನಾರರ ಹುಡುಗಿ ಗದರಿದ್ದಕ್ಕೆ
ಇಡೀ ಕಣ ಸುಮ್ಮನಾಯಿತು.
ಅಪ್ಪ ಎದ್ದು ಹೋಗಿ
ಜೀಪಿನ ಎಂಜಿನ್ ನಿಲ್ಲಿಸಿ ಬಂದರು.

ಎರಡು ಗಂಟೆಗೆ ತೊಟ್ಟಿಗೆ ಬಿದ್ದ ಬೇಳೆ
ಇಡಿಯಾಗಿತ್ತು, ಅಂಟಂಟಾಗಿ.
ಅವಳು ಒಂದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ
ಅಪ್ಪನ ಅಂಗೈಗೆ ಹಾಕಿದಳು.

ಸೋಮವಾರ ನಮೂನೆ ಮತ್ತೆ ಮುಂದಿಟ್ಟೆ,
ಪೆನ್ನಿನ ಮುಚ್ಚಳವನ್ನೂ ತೆಗೆದು ಕೊಟ್ಟೆ.
ತುಸು ಹೊತ್ತು ಹಿಡಿದು
"ಈ ಸೀಸನ್ ಮುಗೀಲಿ ಸಾರ್" ಎಂದು ತಿರುಗಿಸಿದಳು.
ಕಡೆಯ ದಿನ ಇಪ್ಪತ್ತು. ಇವತ್ತು ಇಪ್ಪತ್ತೆರಡು.
ಕಟ್ಟಿನ ಕೆಳಗೆ ಅವಳದ್ದನ್ನು ಇಟ್ಟಿದ್ದೇನೆ,
ಇಲಾಖೆಯವರು ಕೇಳಿದರೆ
ಒಂದು ಕಾಗದ ಕಡಿಮೆ ಬಿದ್ದಿದೆ ಎನ್ನುತ್ತೇನೆ.