ಒಂದೇ ದಡದ ಮಾತು

ಫ್ರೀಸರ ನಾಡಿನ ಬಡಗಿ ಎಪ್ಪೋ
ಉಪ್ಪು ಹೇರಿದ ಹಡಗಿನಲ್ಲಿ ಉತ್ತರಕ್ಕೆ ಬಂದವನು
ಸ್ವೀಡರ ನೆಲಕ್ಕಿಳಿದು ಮೊದಲು ಕೇಳಿದ್ದು
ಊಟವನ್ನಲ್ಲ, ಕೆಲಸವನ್ನು:
"ಬ್ರೆಗ್ಗೆ ಕಟ್ಟುತ್ತೇನೆ. ಎಲ್ಲಿ ಬೇಕು ಬ್ರೆಗ್ಗೆ?"

ಹುಡುಗರು ನಕ್ಕರು.
ತೋಳು ಹಿಡಿದು ಎಳೆದುಕೊಂಡು ಹೋಗಿ
ಅವನು ಇಳಿದ ಜಾಗಕ್ಕೇ ತಂದು ನಿಲ್ಲಿಸಿದರು.
ಮೀನಿನ ಹುರುಪೆ ಅಂಟಿದ ನಾಲ್ಕು ಹಲಗೆ,
ದೋಣಿ ಕಟ್ಟುವ ಗೂಟ,
ಅದರಾಚೆ ಬರೀ ನೀರು.
"ಇಗೋ, ಬ್ರಿಗ್ಗಿಯ."

ಎಪ್ಪೋ ತಲೆ ಕೆರೆದುಕೊಂಡ.
ಅವನೂರಲ್ಲಿ ಆ ಮಾತಿಗೆ ಎರಡು ದಡ.
ಸ್ಯಾಕ್ಸನರ ಬ್ರುಗ್ಗಿಯದ ಮೇಲೆ ಹಂದಿ ಅಟ್ಟಿಕೊಂಡು ದಾಟಿದ್ದ;
ಕಡಲಾಚೆಯ ಇಂಗ್ಲಿಷರ ಬಾಯಲ್ಲಿ
ಅದರ ಬಾಲ 'ಜ್' ಎಂದು ಮೆತ್ತಗಾಗಿತ್ತು,
ಆದರೂ ಆಚೆ ತುದಿಯಲ್ಲಿ ಸುಂಕದವನು
ಕೈ ಚಾಚಿಯೇ ಇದ್ದ.
ಇಲ್ಲಿ ಅದೇ ಮಾತು
ನೀರಿಗೆ ನಾಲ್ಕು ಹೆಜ್ಜೆ ಇಟ್ಟು
ಏನೋ ಮರೆತವರ ಹಾಗೆ ನಿಂತುಬಿಟ್ಟಿದೆ.

ಹೊಲ್ಮ್‌ಲೌಗ್ ಎಂಬ ವಿಧವೆ ಅವನನ್ನು ಜೌಗಿಗೆ ಕರೆದೊಯ್ದಳು.
"ನನಗೆ ಬೇಕಾದ್ದು ಬ್ರೋ."
ಬಡಗಿಗೆ ಅಲ್ಲಿ ಏನು ಕೆಲಸ?
ಕಲ್ಲು, ಮಣ್ಣು, ಪೊದೆಕಡ್ಡಿಯ ಹೊರೆ,
ಹಸುವಿನ ಕಾಲು ಹೂತುಹೋಗದಂತೆ ಒಂದು ಏರಿ.
ಪಕ್ಕದಲ್ಲಿ ನೆಡಲು ಬಂಡೆಯೊಂದು ಕಾದಿತ್ತು,
ಹಾವಿನ ಮೈಯೊಳಗೆ ಅಕ್ಷರ ಹರಿಸಿ:
ಮಗನ ಆತ್ಮಕ್ಕೆಂದು ತಾಯಿ ಮಾಡಿಸಿದ ದಾರಿ.
"ದಾಟುವವರೆಲ್ಲ ಅವನಿಗೊಂದು ಪ್ರಾರ್ಥನೆ ಹೇಳಲಿ.
ಅಷ್ಟೇ ಸುಂಕ."
"ಮಗ ಎಲ್ಲಿ ಹೋದ?"
ಅವಳು ಜೌಗನ್ನು ತೋರಿಸಲಿಲ್ಲ.
ತಿರುಗಿ, ದೂರದ ಆ ನಾಲ್ಕು ಹಲಗೆಗಳ ಕಡೆ ನೋಡಿದಳು.

ರಾತ್ರಿ ಕೊಡಲಿ ಮಸೆಯುತ್ತ ಎಪ್ಪೋ
ತನಗೆ ತಾನೇ ಒಂದು ಕತೆ ಕಟ್ಟಿಕೊಂಡ:
ಮೊದಲಿಗೆ ಅದು ಬರೀ ದಿಮ್ಮಿ.
ಹೆಸರಿಲ್ಲದ ಯಾವಳೋ ಅಜ್ಜಿ ಉರುಳಿಸಿದ್ದು.
ಒಬ್ಬ ಮೊಮ್ಮಗ ಹಳ್ಳಕ್ಕೆ ಅಡ್ಡ ಹಾಕಿದ, ಸಂಕವಾಯಿತು.
ಇನ್ನೊಬ್ಬನ ಪಾಲಿನ ದಿಮ್ಮಿ ಗಿಡ್ಡ,
ನೀರು ಅಗಲ. ಅದು ದಕ್ಕೆಯಾಯಿತು.
(ಈ ಬ್ರೋ ಅವರ ದಾಯಾದಿಯೋ, ನೆರೆಯವನೋ,
ಎಷ್ಟು ಮಸೆದರೂ ಹೊಳೆಯಲಿಲ್ಲ.)

ಬೆಳಿಗ್ಗೆ ಕಲ್ಲು ಹೊರುವವರು ಜೌಗಿಗೆ ಇಳಿದಾಗ
ಅವನು ದಡಕ್ಕೆ ಹೋದ.
ಕೂಲಿ ಕೇಳದೆ ಗೂಟ ಹೊಡೆದ,
ಪೈನ್ ಮರದ ಮೂರು ಹೊಸ ಹಲಗೆ ಮುಂದಕ್ಕೆ ಜೋಡಿಸಿದ.
ಮೂರೇ. ಆಚೆ ದಡ ಎಂಬುದು
ಅಲ್ಲಿಂದಲೂ ಕಾಣುತ್ತಿರಲಿಲ್ಲ.

ಸಂಜೆ ಹೊಲ್ಮ್‌ಲೌಗ್ ಬಂದು ತುದಿಯಲ್ಲಿ ನಿಂತಳು.
"ನಿಮ್ಮ ಕಡೆ ಇದಕ್ಕೆ ಏನನ್ನುತ್ತೀರಿ?"
"ಬ್ರೆಗ್ಗೆ," ಎಂದ. ಆಮೇಲೆ, ಮೆಲ್ಲಗೆ,
"ಇನ್ನೂ ಮುಗಿದಿಲ್ಲ."
ಅವಳು ಹೊರಡಲು ಕಾಲೆತ್ತಿದಳು.
ಹಸಿ ಹಲಗೆಯ ರಾಳಕ್ಕೆ
ಚರ್ಮದ ಜೋಡು ಅಂಟಿಕೊಂಡಿತ್ತು.